ಆಡು ಕುರಿಗಳಿಗೆ ಹೆಸರಿಡುವ ಜಾಣತನ



ನಿಮ್ಮ ಮನೆಯಲ್ಲಿ ಎಷ್ಟು ಮೇಕೆಗಳಿವೆ ಎಂದು ಕೇಳಿದರೆ ನೀವು ಕೂಡಲೆ ಉತ್ತರ ಹೇಳುತ್ತೀರಿ. ಏಳು, ಹನ್ನೊಂದು, ಇಲ್ಲವೆ ಇಪ್ಪತ್ತು. ಅವುಗಳ ಹೆಸರೇನು ಎಂದು ಕೇಳಿದರೆ ಮಾತ್ರ ಅನೇಕರು ನಕ್ಕುಬಿಡುತ್ತಾರೆ. "ಮೇಕೆಗೆಂಥ ಹೆಸರು ಸ್ವಾಮಿ? ಹಸುವಿಗಾದರೆ ಲಕ್ಷ್ಮಿ ಅಂತ ಇಡುತ್ತೇವೆ, ನಾಯಿಗಾದರೆ ರಾಜ ಅಂತ ಇಡುತ್ತೇವೆ. ಮೇಕೆ ಅಂದರೆ ಮೇಕೆ, ಕುರಿ ಅಂದರೆ ಕುರಿ" ಎನ್ನುತ್ತಾರೆ.

ಪುಣ್ಯಕೋಟಿಯ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಆ ಗೋವಿನ ಹಾಡಿನಲ್ಲಿ ಗೊಲ್ಲನು ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಆ ಮರ್ಯಾದೆ ಆಡು ಕುರಿಗಳಿಗೂ ಏಕೆ ಸಲ್ಲಬಾರದು? ಹೆಸರಿಡುವುದು ಮಕ್ಕಳಾಟವೆಂದು ತೋರಬಹುದು. ಅದರಲ್ಲಿ ನಗು ಇದೆ, ನಿಜ. ಆದರೆ ಚೆನ್ನಾಗಿ ಯೋಚಿಸಿ ಇಟ್ಟ ಹೆಸರಿನಿಂದ ಮನೆಗೆ ಲಾಭವೂ ಇದೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಹೆಸರು ಏಕೆ ಬೇಕು?

ನಮ್ಮ ಸೀಮೆಯ ಸ್ಥಿತಿಯನ್ನು ಮೊದಲು ನೋಡಿ. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಆರಂಭಿಸಿತು. ಇಂದು ಅಲ್ಲಿಂದ ಆನೇಕಲ್, ಜಿಗಣಿ, ಅತ್ತಿಬೆಲೆಯವರೆಗೂ ಕಾರ್ಖಾನೆ, ಕಚೇರಿ, ಬಡಾವಣೆಗಳು ಹಬ್ಬಿವೆ. ವೈಟ್‌ಫೀಲ್ಡಿನಿಂದ ಹೊಸಕೋಟೆಯ ಕಡೆಗೂ, ಪೀಣ್ಯದಿಂದ ನೆಲಮಂಗಲದ ಕಡೆಗೂ ಇದೇ ನೋಟ. ಗೋಮಾಳಗಳು ಚಿಕ್ಕದಾಗಿವೆ. ಮೇಕೆಗಳು ಕೆರೆಯ ಏರಿ, ಖಾಲಿ ನಿವೇಶನ, ರಸ್ತೆಯ ಬದಿ, ಕಾರ್ಖಾನೆಯ ಗೋಡೆಯ ನೆರಳು ಇಂಥ ಕಡೆಗಳಲ್ಲಿ ಮೇಯಬೇಕಾಗಿದೆ.

ಇಂಥ ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಕಾರ್ಖಾನೆಯಲ್ಲಿ ಎರಡನೆಯ ಪಾಳಿಗೆ ಹೋಗಿದ್ದಾನೆ. ಹೆಂಡತಿ ಸಿದ್ಧ ಉಡುಪಿನ ಕೆಲಸ ಮುಗಿಸಿ ಆಗತಾನೆ ಬಂದಿದ್ದಾಳೆ. ಎಂಟು ಮೇಕೆಗಳನ್ನು ಮೇಯಿಸಿದವಳು ಅಜ್ಜಿ. ಸಂಜೆ ಮಬ್ಬಿನಲ್ಲಿ ಮೂರು ಮನೆಗಳ ಮೇಕೆಗಳು ಒಟ್ಟಿಗೆ ಬರುತ್ತವೆ. ಎಣಿಸಿದರೆ ಎಂಟೇ ಇವೆ. ಎಲ್ಲವೂ ಸರಿ ಎಂದು ಅಜ್ಜಿ ಬಾಗಿಲು ಹಾಕುತ್ತಾಳೆ. ಬೆಳಗ್ಗೆ ನೋಡಿದರೆ ಅವುಗಳಲ್ಲಿ ಒಂದು ಪಕ್ಕದ ಮನೆಯದು, ತಮ್ಮ ಗಬ್ಬದ ಮೇಕೆಯೊಂದು ಇಲ್ಲ! ಅದು ಹೆದ್ದಾರಿಯ ಆಚೆ ಉಳಿಯಿತೋ, ಯಾರ ಕೈಗೆ ಸಿಕ್ಕಿತೋ ತಿಳಿಯದು.

ಇಲ್ಲಿ ಅಜ್ಜಿಯ ಎಣಿಕೆ ತಪ್ಪಲಿಲ್ಲ. ಎಷ್ಟು ಎಂಬುದನ್ನು ನೋಡಿದಳು, ಯಾವುವು ಎಂಬುದನ್ನು ನೋಡಲಿಲ್ಲ. ಹೆಸರಿದ್ದಿದ್ದರೆ "ಬೆಣ್ಣೆ ಬಂತು, ಮಜ್ಜಿಗೆ ಬಂತು, ಚುಕ್ಕಿ ಎಲ್ಲಿ?" ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. ಹೆಸರಿಡಬೇಕಾದರೆ ಪ್ರಾಣಿಯನ್ನು ಒಮ್ಮೆಯಾದರೂ ದಿಟ್ಟಿಸಿ ನೋಡಬೇಕು. ಹೆಸರಿಟ್ಟ ಮೇಲೆ ದಿನವೂ ನೋಡುತ್ತೇವೆ. ಈ ಪಾಠದ ಸಾರವೆಲ್ಲ ಈ ಮಾತಿನಲ್ಲಿದೆ.

2. ಕುರಿಗೆ ಇದೆಲ್ಲ ತಿಳಿಯುತ್ತದೆಯೆ?

"ಕುರಿಯ ತಲೆ" ಎಂದು ಬುದ್ಧಿಯಿಲ್ಲದವರನ್ನು ಬೈಯುವುದುಂಟು. ಇದು ಕುರಿಗೆ ಮಾಡುವ ಅನ್ಯಾಯ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕುರಿಯು ಬೇರೆ 50 ಕುರಿಗಳ ಮುಖಗಳನ್ನು ಗುರುತಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಳ್ಳಬಲ್ಲದು. ತಾಯಿ ಮೇಕೆಯು ಮರಿಯಿಂದ ಅಗಲಿ ಸುಮಾರು ಒಂದು ವರ್ಷ ಕಳೆದರೂ ಆ ಮರಿಯ ಎಳೆಯ ಕೂಗನ್ನು ಗುರುತಿಸುತ್ತದೆ ಎಂದು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದವರು 2012ರಲ್ಲಿ ತೋರಿಸಿದರು. ಅಲ್ಲಿಯವರೇ 2016ರಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ಮುಚ್ಚಳ ತೆಗೆಯಲಾಗದ ಡಬ್ಬಿಯಲ್ಲಿ ತಿಂಡಿಯಿಟ್ಟಾಗ ಮೇಕೆಯು ಪಕ್ಕದಲ್ಲಿ ನಿಂತ ಮನುಷ್ಯನ ಮುಖವನ್ನು "ಸ್ವಲ್ಪ ತೆಗೆದುಕೊಡಿ" ಎಂಬಂತೆ ನೋಡುತ್ತದೆ.

ನಮ್ಮ ಮುಖವನ್ನು ಇಷ್ಟು ನೋಡುವ ಪ್ರಾಣಿಯ ಮುಖವನ್ನು ನಾವೂ ನೋಡಬೇಡವೆ?

ಹಸುಗಳ ವಿಷಯದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 516 ಮಂದಿ ಹೈನುಗಾರರನ್ನು ವಿಚಾರಿಸಿ 2009ರಲ್ಲಿ ಲೇಖನ ಬರೆದರು. ಹೆಸರು ಹಿಡಿದು ಕರೆಯುವ ಮನೆಗಳಲ್ಲಿ ಹಸುವೊಂದಕ್ಕೆ ವರ್ಷಕ್ಕೆ 258 ಲೀಟರಿನಷ್ಟು ಹೆಚ್ಚು ಹಾಲು ದೊರೆಯುತ್ತಿತ್ತು. ಹೆಸರು ಕೇಳಿದೊಡನೆ ಕೆಚ್ಚಲು ತುಂಬುತ್ತದೆ ಎಂದು ಇದರ ಅರ್ಥವಲ್ಲ. ಹೆಸರಿಡುವಷ್ಟು ಗಮನವುಳ್ಳವನು ಮೇವು, ನೀರು, ಕಾಯಿಲೆಗಳ ಕಡೆಗೂ ಗಮನ ಕೊಡುತ್ತಾನೆ. ಹಸುವೂ ಅವನಿಗೆ ಹೆದರುವುದಿಲ್ಲ. ಹಾಲು ಹೆಚ್ಚಲು ಅದು ಕಾರಣವಿರಬೇಕು.

3. ಲಕ್ಷಣ ನೋಡಿ ಹೆಸರಿಡುವುದು

ಹೆಸರಿಡುವ ಹಳೆಯ ಕ್ರಮವೆಂದರೆ ಬಣ್ಣ ನೋಡುವುದು. ಕರಿಯ, ಕೆಂಚಿ, ಬೂದಿ, ಚುಕ್ಕಿ, ಮಚ್ಚೆ ಮೊದಲಾದ ಹೆಸರುಗಳು ಹೀಗೆ ಬಂದಿವೆ. ಆದರೆ ನಿಮ್ಮ ಮಂದೆಯೆಲ್ಲ ಒಂದೇ ಬಣ್ಣವಾಗಿದ್ದರೆ ಏನು ಮಾಡುವಿರಿ? ನಮ್ಮ ಕಡೆಯ ನಂದಿದುರ್ಗ ಮೇಕೆಗಳಲ್ಲಿ ಬಿಳಿಯವೇ ಹೆಚ್ಚು. ಬನ್ನೂರು ಕುರಿಯೂ ಬಹುಮಟ್ಟಿಗೆ ಬಿಳಿಯದೇ. ಹತ್ತು ಬಿಳಿ ಮೇಕೆಗಳಿರುವ ಮನೆಯಲ್ಲಿ "ಬಿಳಿ" ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಆಗ ಬೇರೆ ಲಕ್ಷಣಗಳನ್ನು ಹುಡುಕಬೇಕು. ಕಿವಿಯ ಉದ್ದ, ಕೊಂಬಿನ ತಿರುವು, ಗಡ್ಡ, ಮುಖದ ಮೇಲಿನ ಕಂದು ಬಣ್ಣ, ಬಾಲ, ನಡಿಗೆ, ಕೂಗು ಇವನ್ನೆಲ್ಲ ಗಮನಿಸಿ. ಬನ್ನೂರು ಕುರಿಗಳಲ್ಲಿ ಅನೇಕಕ್ಕೆ ಗಂಟಲ ಕೆಳಗೆ ಎರಡು ಮಾಂಸದ ಮಣಿಗಳು ಜೋಲುತ್ತಿರುತ್ತವೆ. ಎರಡೂ ಇರುವುದು "ಜುಮುಕಿ", ಇಲ್ಲದಿರುವುದು "ಬರಿಗೊರಳು". ಮುಖ ಮಾತ್ರ ಕಂದಾಗಿ ಮೈ ಬಿಳಿದಾಗಿದ್ದರೆ "ಕಾಫಿ". ಒಂದು ಕೊಂಬು ಮೇಲಕ್ಕೂ ಇನ್ನೊಂದು ಪಕ್ಕಕ್ಕೂ ತಿರುಗಿದ್ದರೆ "ಒಂಬತ್ತು ಗಂಟೆ". ಗಡಿಯಾರ ಓದಲು ಬಲ್ಲ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ದೂರದಿಂದ ನೋಡಿದರೂ ಇದು ಇಂಥದೇ ಎಂದು ಹೇಳುವಂತಿದ್ದರೆ ಆ ಹೆಸರು ಒಳ್ಳೆಯದು. ಮರಿಯಾಗಿದ್ದಾಗ ಮಾತ್ರ ಇದ್ದು ಬೆಳೆದ ಮೇಲೆ ಮರೆಯಾಗುವ ಲಕ್ಷಣವನ್ನು ಹಿಡಿಯಬೇಡಿ. "ಚಿಕ್ಕಿ" ಎಂದು ಹೆಸರಿಟ್ಟ ಮರಿ ಎರಡು ವರ್ಷದಲ್ಲಿ ಮಂದೆಗೆಲ್ಲ ದೊಡ್ಡದಾಗಬಹುದು. ಮೂರು ನಾಲ್ಕು ವಾರ ನೋಡಿ, ಮರಿಯ ಗುಣ ತಿಳಿದ ಮೇಲೆ ಹೆಸರಿಡುವುದು ಮೇಲು.

4. ನಗೆಯ ಹೆಸರುಗಳು

ನಗೆಯುಳ್ಳ ಹೆಸರು ಮರೆಯುವುದಿಲ್ಲ. ಮನೆಯ ಮಕ್ಕಳೂ ಮುದುಕರೂ ಒಂದೇ ದಿನದಲ್ಲಿ ಕಲಿಯುತ್ತಾರೆ. ಆದುದರಿಂದ ನಗೆ ಇಲ್ಲಿ ಕೆಲಸಕ್ಕೆ ಬರುವ ವಸ್ತುವೇ ಆಗಿದೆ.

ಕನ್ನಡದಲ್ಲಿ ಇದಕ್ಕೆ ಅವಕಾಶ ಬಹಳ. ಹೆಸರುಕಾಳಿನ ಚೀಲಕ್ಕೆ ಬಾಯಿ ಹಾಕಿ ಸಿಕ್ಕಿಬಿದ್ದ ಮೇಕೆಗೆ "ಹೆಸರು" ಎಂದೇ ಹೆಸರಿಡಬಹುದು. ಬಂದವರು "ಇದರ ಹೆಸರೇನು?" ಎಂದರೆ "ಹೆಸರು" ಎಂದು ಹೇಳಿ ಅವರ ಮುಖ ನೋಡಿ. ಇನ್ನೊಂದಕ್ಕೆ "ಯಾಕೆ" ಎಂದು ಇಡಿ. ಮೇಕೆಗೆ ಪ್ರಾಸವೂ ಆಯಿತು. ದಾರಿಯಲ್ಲಿ ಹೋಗುವವರು ಕೇಳುತ್ತಾರೆ:

"ಏನಜ್ಜಿ, ಈ ಮೇಕೆ ಹೆಸರೇನು?"

"ಯಾಕೆ."

"ಸುಮ್ಮನೆ ಕೇಳಿದೆ ಕಣಜ್ಜಿ, ತಪ್ಪಾಯ್ತಾ?"

1990ರ ದಶಕದಲ್ಲಿ ನಮ್ಮ ಕಡೆ ದೆವ್ವದ ಹೆದರಿಕೆಯಿಂದ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎಷ್ಟು ಕೂಗಿದರೂ ಬೇಲಿ ಬಿಟ್ಟು ಬರದ ಮೇಕೆಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಗೇಟಿನಲ್ಲಿ ಅಡ್ಡ ನಿಂತು ಒಂದು ಹಿಡಿ ಸೊಪ್ಪು ಕೊಡದೆ ದಾರಿ ಬಿಡದ ಹೋತಕ್ಕೆ "ಟೋಲು" ಎನ್ನಬಹುದು. ರಾತ್ರಿಯೆಲ್ಲ ಮೆಲುಕು ಹಾಕುತ್ತ ಎಚ್ಚರವಾಗಿರುವುದಕ್ಕೆ "ನೈಟ್ ಶಿಫ್ಟು". ಎಲ್ಲಿ ಕಾಗದ ಕಂಡರೂ ಅಗಿಯುವುದಕ್ಕೆ "ದಫ್ತರ". ಕಾಂಪೌಂಡು ಹಾರುವುದಕ್ಕೆ "ಮೆಟ್ರೋ", ಏಕೆಂದರೆ ಅದು ರಸ್ತೆಯ ಮೇಲಿನಿಂದಲೇ ಹೋಗುತ್ತದೆ. ಈ ಎಲ್ಲ ಹೆಸರುಗಳೂ ಆಯಾ ಪ್ರಾಣಿಯ ಗುಣವನ್ನು ಹೇಳುತ್ತವೆ. ಹೊಸದಾಗಿ ಮೇಯಿಸಲು ಹೋಗುವ ಹುಡುಗನಿಗೆ "ಮೆಟ್ರೋನ ನೋಡಿಕೊಳ್ಳಪ್ಪ" ಎಂದರೆ ಸಾಕು, ಯಾವುದರ ಮೇಲೆ ಕಣ್ಣಿಡಬೇಕೆಂದು ತಿಳಿಯುತ್ತದೆ.

ನಗೆಯ ಹೆಸರು ವಿಜ್ಞಾನಿಗಳಿಗೂ ಬೇಕು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಒಂದು ಕುರಿಮರಿ ಹುಟ್ಟಿತು. ಬೆಳೆದ ಪ್ರಾಣಿಯ ಜೀವಕೋಶದಿಂದ ತದ್ರೂಪಾಗಿ ಹುಟ್ಟಿದ ಮೊದಲ ಸಸ್ತನಿ ಅದು. ಆ ಜೀವಕೋಶವನ್ನು ತೆಗೆದದ್ದು ಕೆಚ್ಚಲಿನಿಂದ. ಆದುದರಿಂದ ಅಮೆರಿಕದ ಗಾಯಕಿ ಡಾಲಿ ಪಾರ್ಟನ್ನಳ ಹೆಸರನ್ನು ವಿನೋದಕ್ಕಾಗಿ ಅದಕ್ಕಿಟ್ಟರು. ಜಗತ್ತು ಆ ಸಂಶೋಧನೆಯ ವಿವರಗಳನ್ನು ಮರೆತಿದ್ದರೂ ಡಾಲಿಯನ್ನು ಮರೆತಿಲ್ಲ. ನಮ್ಮ ಹುಡುಗರಿಗಾದರೋ ಡಾಲಿ ಎಂದೊಡನೆ 2018ರ "ಟಗರು" ಚಲನಚಿತ್ರದ ಪಾತ್ರ ಕಣ್ಣ ಮುಂದೆ ಬರುತ್ತದೆ. ಟಗರೊಂದಕ್ಕೆ ಡಾಲಿ ಎಂದು ಹೆಸರಿಟ್ಟರೆ ಎರಡು ಕಥೆಗಳನ್ನು ಹೇಳಿದಂತಾಯಿತು.

5. ವಂಶ ತಿಳಿಸುವ ಹೆಸರು

ಈಗ ಜಾಣತನದ ಮುಖ್ಯ ಭಾಗಕ್ಕೆ ಬರೋಣ. ನಾಲ್ಕು ಮೇಕೆಗಳಿಂದ ಆರಂಭಿಸಿದವರ ಮನೆಯಲ್ಲಿ ಮೂರು ವರ್ಷಗಳಲ್ಲಿ ಯಾವುದು ಯಾವುದರ ಮರಿ ಎಂಬುದು ಮರೆತುಹೋಗುತ್ತದೆ. ಮನೆಯಲ್ಲಿ ಹುಟ್ಟಿದ ಹೋತವೇ ತನ್ನ ತಾಯಿ, ಅಕ್ಕ ತಂಗಿಯರಿಗೆ ಹಾರುತ್ತದೆ. ಹೀಗೆ ರಕ್ತಸಂಬಂಧದಲ್ಲೇ ಮರಿಗಳಾದರೆ ತಲೆಮಾರು ಕಳೆದಂತೆ ಮರಿಗಳ ತೂಕ ಕಡಿಮೆಯಾಗುತ್ತದೆ, ಬಲಹೀನ ಮರಿಗಳು ಹುಟ್ಟಿ ಸಾಯುತ್ತವೆ, ಗಬ್ಬ ನಿಲ್ಲುವುದೂ ಕಷ್ಟವಾಗುತ್ತದೆ. "ನಮ್ಮ ಮೇಕೆಯ ತಳಿಯೇ ಕೆಟ್ಟಿತು" ಎಂದು ಜನ ಕೊರಗುತ್ತಾರೆ. ಕೆಟ್ಟದ್ದು ತಳಿಯಲ್ಲ, ಲೆಕ್ಕ.

ಇದಕ್ಕೆ ಸುಲಭವಾದ ಉಪಾಯವೊಂದಿದೆ. ಒಂದು ತಾಯಿಯ ಸಂತಾನಕ್ಕೆಲ್ಲ ಒಂದೇ ಮನೆತನದ ಹೆಸರುಗಳನ್ನಿಡಿ. ತಾಯಿ "ಹಾಲು" ಆದರೆ ಅದರ ಮಗಳು "ಮೊಸರು". ಮೊಸರಿಗೆ ಅವಳಿ ಮರಿಗಳಾದರೆ "ಬೆಣ್ಣೆ" ಮತ್ತು "ಮಜ್ಜಿಗೆ", ಏಕೆಂದರೆ ಮೊಸರು ಕಡೆದಾಗ ಇವೆರಡೂ ಒಟ್ಟಿಗೇ ಬರುತ್ತವೆ. ಬೆಣ್ಣೆಯ ಮಗಳು "ತುಪ್ಪ". ಯಾವುದು ತಾಯಿ, ಯಾವುದು ಮೊಮ್ಮಗಳು ಎಂದು ಅಡಿಗೆ ಮನೆಯನ್ನು ಬಲ್ಲ ಯಾರು ಬೇಕಾದರೂ ಹೇಳಬಲ್ಲರು. ಇನ್ನೊಂದು ತಾಯಿಗೆ "ರಾಗಿ" ಎಂದಿಟ್ಟರೆ ಅದರ ಮರಿಗಳು "ಮುದ್ದೆ", "ಅಂಬಲಿ", "ರೊಟ್ಟಿ", "ಹುರಿಹಿಟ್ಟು". ಮೂರನೆಯದು "ಕಬ್ಬು" ಆದರೆ ಮಗಳು "ಬೆಲ್ಲ", ಮೊಮ್ಮಗಳು "ಕಜ್ಜಾಯ".

ಇನ್ನು ನಿಯಮ ಸರಳವಾಗುತ್ತದೆ. ರಾಗಿಯ ಮನೆತನದ ಮುದ್ದೆ ಎಂಬ ಹೋತವನ್ನು ಅಂಬಲಿಗಾಗಲಿ ರೊಟ್ಟಿಗಾಗಲಿ ಬಿಡಕೂಡದು. ಹಾಲಿನ ಮನೆತನಕ್ಕೆ ಬಿಡಬಹುದು, ಆದರೆ ಇಬ್ಬರ ತಂದೆಯೂ ಒಂದೇ ಆಗಿರಬಾರದು. ಹೆಸರು ತಾಯಿಯ ಕಡೆಯನ್ನು ಮಾತ್ರ ಹೇಳುತ್ತದೆಯಾದ್ದರಿಂದ ತಂದೆಯ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಏನೇ ಆದರೂ ಎರಡು ವರ್ಷಕ್ಕೊಮ್ಮೆ ಹೋತವನ್ನೂ ಟಗರನ್ನೂ ಬೇರೆ ಊರಿನಿಂದ ತಂದು ಬದಲಾಯಿಸುವುದು ಕ್ಷೇಮ. ಮಾರಲಿರುವ ಗಂಡು ಮರಿಗಳನ್ನು ಮೂರು ತಿಂಗಳಾಗುವ ಹೊತ್ತಿಗೆ ಹೆಣ್ಣುಗಳಿಂದ ಬೇರೆ ಕಟ್ಟಿರಿ.

ಹುಟ್ಟಿದ ವರ್ಷವನ್ನೂ ಹೆಸರಿನಲ್ಲೇ ಅಡಗಿಸಬಹುದು. ಫ್ರಾನ್ಸ್ ದೇಶದಲ್ಲಿ ವಂಶಾವಳಿ ದಾಖಲಾಗುವ ಕುದುರೆ ನಾಯಿಗಳಿಗೆ ಆಯಾ ವರ್ಷಕ್ಕೆ ಗೊತ್ತಾದ ಅಕ್ಷರದಿಂದ ಹೆಸರಿಡುವ ಪದ್ಧತಿಯಿದೆ. ಹೆಸರಿನ ಮೊದಲಕ್ಷರ ಕೇಳಿದರೆ ಸಾಕು, ವಯಸ್ಸು ತಿಳಿಯುತ್ತದೆ. ಮನೆತನದ ಕ್ರಮ ಬೇಡವೆನ್ನುವವರು ನಮ್ಮಲ್ಲಿ ಒಂದು ವರ್ಷ ಮರಗಳ ಹೆಸರು (ಹೊಂಗೆ, ಅತ್ತಿ, ಬೇಲ, ನೇರಳೆ), ಮುಂದಿನ ವರ್ಷ ಸಿರಿಧಾನ್ಯಗಳ ಹೆಸರು (ನವಣೆ, ಸಾಮೆ, ಸಜ್ಜೆ, ಹಾರಕ), ಅದರ ಮುಂದಿನ ವರ್ಷ ನಮ್ಮ ನದಿಗಳ ಹೆಸರು (ಅರ್ಕಾವತಿ, ಪಿನಾಕಿನಿ) ಎಂದು ಇಟ್ಟುಕೊಳ್ಳಬಹುದು. ಆಗ ವಯಸ್ಸು ತಿಳಿಯಲು ಹಲ್ಲು ಹಿಡಿದು ನೋಡಬೇಕಾಗಿಲ್ಲ.

ತಳಿಯ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಅವಳಿ ಮರಿ ಕೊಡುವುದಕ್ಕೆ ಹೆಸರಾದ "ನಾರಿ ಸುವರ್ಣ" ಕುರಿಯ ವಿಷಯ ಕೇಳಿರುತ್ತೀರಿ. ಅಲ್ಲಿ ನಾರಿ ಎಂದರೆ ಹೆಣ್ಣು ಎಂದು ಅರ್ಥವಲ್ಲ. ಅದನ್ನು ರೂಪಿಸಿದ ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು.

6. ಕರೆದರೆ ಬರುವಂತೆ ಮಾಡುವುದು

ಹೆಸರಿಟ್ಟು ಸುಮ್ಮನಾದರೆ ಫಲವಿಲ್ಲ. ಪ್ರಾಣಿಗೆ ಅದು ತನ್ನ ಕರೆಯೆಂದು ತಿಳಿಯಬೇಕು. ಅದಕ್ಕೆ ಹೀಗೆ ಮಾಡಿ.

ಕೂಗುವ ಹೆಸರು ಎರಡು ಮೂರು ಅಕ್ಷರದ್ದಾಗಿರಲಿ. ಪುಸ್ತಕದಲ್ಲಿ "ಪಿನಾಕಿನಿ" ಎಂದಿದ್ದರೂ ಕೂಗುವಾಗ "ಪಿನ್ನಿ" ಸಾಕು. ಒಂದೇ ಮಂದೆಯಲ್ಲಿ ರಾಗಿ, ರಾಣಿ, ರಾಜಿ ಎಂದು ಒಂದೇ ಬಗೆಯ ಸದ್ದಿನ ಹೆಸರುಗಳು ಬೇಡ. ಮನೆಯವರೆಲ್ಲ ಒಂದೇ ಹೆಸರಿನಿಂದ ಕರೆಯಬೇಕು. ಅಜ್ಜಿ ಒಂದು, ಮೊಮ್ಮಗ ಇನ್ನೊಂದು ಹೆಸರಿನಿಂದ ಕೂಗಿದರೆ ಮೇಕೆ ಎರಡಕ್ಕೂ ಬರುವುದಿಲ್ಲ.

ಮರಿಯನ್ನು ಹೆಸರು ಹಿಡಿದು ಕರೆದು, ಬಂದೊಡನೆ ಅಂಗೈಯಲ್ಲಿ ಸ್ವಲ್ಪ ನುಚ್ಚು ಕೊಡಿ, ಕುತ್ತಿಗೆ ಸವರಿ. ದಿನಕ್ಕೆ ಎರಡು ಬಾರಿ, ಎರಡು ಮೂರು ವಾರ ಹೀಗೆ ಮಾಡಿ. ನುಚ್ಚು ಅಂಗೈಯಷ್ಟೇ ಇರಲಿ. ಕಾಳು ಹೆಚ್ಚಾದರೆ ಮೇಕೆಯ ಹೊಟ್ಟೆ ಕೆಟ್ಟು ಪ್ರಾಣಕ್ಕೇ ಅಪಾಯ. ಇನ್ನೊಂದು ಎಚ್ಚರಿಕೆಯೆಂದರೆ, ಹೆಸರು ಹಿಡಿದು ಕರೆದು ಹೊಡೆಯಬಾರದು, ಚುಚ್ಚುಮದ್ದಿಗೆ ಹಿಡಿಯಲೂಬಾರದು. ಹಿಡಿಯಬೇಕಾದಾಗ ಸುಮ್ಮನೆ ಹೋಗಿ ಹಿಡಿಯಿರಿ. ಒಮ್ಮೆ ಮೋಸಹೋದ ಮೇಕೆ ಮುಂದೆ ಕರೆದರೆ ದೂರ ಓಡುತ್ತದೆ.

ಕುರಿಯ ದೊಡ್ಡ ಮಂದೆಯಿರುವವರು ನೂರಕ್ಕೂ ಹೆಸರಿಡಲು ಸಾಧ್ಯವಾಗದಿರಬಹುದು. ಕುರಿಗಳು ಒಂದರ ಹಿಂದೆ ಒಂದು ಹೋಗುವ ಸ್ವಭಾವದವು. ಮುಂದೆ ಹೋಗುವ ಎರಡು ಮೂರಕ್ಕೆ ಹೆಸರಿಟ್ಟು, ಕೊರಳಿಗೆ ಗಂಟೆ ಕಟ್ಟಿ, ಕರೆದರೆ ಬರುವಂತೆ ಪಳಗಿಸಿದರೆ ಮಂದೆಯೆಲ್ಲ ಹಿಂದೆ ಬರುತ್ತದೆ. ಸರ್ಜಾಪುರದ ರಸ್ತೆಯನ್ನೋ ಹೊಸೂರು ರಸ್ತೆಯ ಪಕ್ಕದ ದಾರಿಯನ್ನೋ ದಾಟಿಸುವಾಗ ಇದರ ಬೆಲೆ ತಿಳಿಯುತ್ತದೆ. ಲಾರಿ ಬರುತ್ತಿರುವಾಗ ಕೋಲಿಗಿಂತ ಹೆಸರು ಬೇಗ ತಲಪುತ್ತದೆ.

7. ಹೆಸರು ಕರೆದು ಆರೋಗ್ಯ ನೋಡುವುದು

ಪ್ರತಿದಿನ ಬೆಳಗ್ಗೆ ಕೊಟ್ಟಿಗೆ ಬಿಡುವ ಮುಂಚೆ ಹಾಜರಿ ಕರೆಯುವಂತೆ ಒಂದೊಂದನ್ನೂ ಕರೆಯಿರಿ. ದಿನವೂ ಮೊದಲು ಬರುವ ಟೋಲು ಇಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದೆಯೆಂದರೆ ಏನೋ ಆಗಿದೆ. ಕಣ್ಣು ಮೂಗು ಸುರಿಯುತ್ತಿದೆಯೆ, ಬಾಯಿಯಲ್ಲಿ ಹುಣ್ಣಿದೆಯೆ, ಮೈ ಬಿಸಿಯಾಗಿದೆಯೆ, ಭೇದಿಯಾಗುತ್ತಿದೆಯೆ ನೋಡಿ. ಇವು ಹಿರೇಬೇನೆ ಅಥವಾ ಪಿ.ಪಿ.ಆರ್. ಎಂಬ ಮಾರಿಯ ಗುರುತುಗಳು. ಒಂದಕ್ಕೆ ಬಂದರೆ ಮಂದೆಗೆಲ್ಲ ಹಬ್ಬುತ್ತದೆ. ಕೂಡಲೆ ಆ ಪ್ರಾಣಿಯನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಿ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವೂ ಸಿಗುತ್ತದೆ. ಈ ರೋಗಕ್ಕೆ ಒಳ್ಳೆಯ ಲಸಿಕೆ ಇದೆ. ಮರಿಗಳಿಗೆ ನಾಲ್ಕು ತಿಂಗಳಾದ ಮೇಲೆ ತಪ್ಪದೆ ಹಾಕಿಸಿರಿ. ಕರುಳುಬೇನೆಯ ಲಸಿಕೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಿರಿ.

ವಾರಕ್ಕೊಮ್ಮೆ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲನೆ ಬಿಡಿಸಿ ಒಳಭಾಗ ನೋಡಿ. ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳುಗಳು ರಕ್ತ ಹೀರುತ್ತಿವೆ ಎಂದು ಸಂಶಯ ಪಡಬೇಕು. ವೈದ್ಯರನ್ನು ಕೇಳಿ ಜಂತುನಾಶಕ ಕೊಡಿ.

8. ಇಡಬಾರದ ಹೆಸರುಗಳು

ನಗು ಇನ್ನೊಬ್ಬರ ಕಣ್ಣೀರಿಗೆ ಕಾರಣವಾಗಬಾರದು. ಗಡ್ಡ ಬೆಳೆದ ಹೋತಕ್ಕೆ "ಮೇಷ್ಟ್ರು" ಎಂದಿಟ್ಟು ಬೀದಿಯಲ್ಲಿ "ಬಾರೋ ಮೇಷ್ಟ್ರೇ" ಎಂದು ಕೂಗಿದರೆ, ಶಾಲೆಯಿಂದ ಬರುತ್ತಿರುವ ನಿಜವಾದ ಮೇಷ್ಟರು ತಿರುಗಿ ನೋಡುತ್ತಾರೆ. ಮಕ್ಕಳಿಗೆ ನಗು, ಅವರಿಗೆ ಅವಮಾನ. ನೆರೆಯವರ ಹೆಸರು, ಜಾತಿಯ ಹೆಸರು, ಯಾವುದೇ ಮತದ ದೇವರು ಗುರುಗಳ ಹೆಸರು ಇವುಗಳ ಗೊಡವೆಗೆ ಹೋಗಬೇಡಿ. ನಮ್ಮ ಊರುಗಳಿಗೆ ಈಗ ಬೇರೆ ಬೇರೆ ರಾಜ್ಯಗಳಿಂದ ದುಡಿಯಲು ಬಂದವರು ಬಾಡಿಗೆಗೆ ಇದ್ದಾರೆ. ಅವರ ಊರು, ಭಾಷೆಗಳನ್ನು ಹಾಸ್ಯ ಮಾಡುವ ಹೆಸರೂ ಬೇಡ.

ನಾವು ಯೋಚಿಸದೆ ಬಳಸುವ ಕೆಲವು ಹೆಸರುಗಳೂ ಇವೆ. ಕೊಂಬಿಲ್ಲದ ಮೇಕೆಯನ್ನು "ಬೋಳಿ" ಎಂದು ಕೂಗುವವರಿದ್ದಾರೆ. ಅದು ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಹಿಂದಿನಿಂದಲೂ ಇರಿದ ಮಾತು. ಆ ಮೇಕೆಗೆ "ಬಟ್ಟಲು" ಎನ್ನಿ, "ತೆಂಗಿನಕಾಯಿ" ಎನ್ನಿ, ತಲೆಯ ಆಕಾರ ಹೇಳಿದಂತೆಯೂ ಆಗುತ್ತದೆ. ಹಾಗೆಯೇ "ಕುಂಟಿ", "ಕುರುಡಿ" ಎಂಬುವೂ ಸಲ್ಲವು. ಕಾಲು ಎಳೆದು ನಡೆಯುವ ಕುರಿಗೆ ಹೆಸರಿಗಿಂತ ಮುಂಚೆ ಗೊರಸಿನ ಪರೀಕ್ಷೆ ಆಗಬೇಕು. ಗೊರಸು ಕತ್ತರಿಸಿ ಹುಣ್ಣಿಗೆ ಔಷಧ ಹಾಕಿದರೆ ಆ ಹೆಸರಿಗೆ ಕಾರಣವೇ ಇಲ್ಲವಾಗಬಹುದು.

9. ಮಾರಬೇಕಾದ ಪ್ರಾಣಿಗೆ ಹೆಸರಿಡಬೇಕೆ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೂ ಬಕ್ರೀದಿಗೂ ಒಳ್ಳೆಯ ಬೆಲೆ ಬರುತ್ತದೆ. ಚಾಮರಾಜಪೇಟೆಯ ಈದ್ಗಾ ಮೈದಾನದ ವ್ಯಾಪಾರಕ್ಕೆ ಎಷ್ಟೋ ಊರುಗಳಿಂದ ಟಗರುಗಳು ಹೋಗುತ್ತವೆ. ಆ ಹಣದಿಂದ ಶಾಲೆಯ ಫೀಸು ಕಟ್ಟುತ್ತೇವೆ, ಕೈಸಾಲ ತೀರಿಸುತ್ತೇವೆ. ಆದರೆ ಆರು ತಿಂಗಳು "ಡಾಲಿ, ಡಾಲಿ" ಎಂದು ಕೈಯಾರೆ ಸೊಪ್ಪು ತಿನ್ನಿಸಿದ ಮಗು, ವ್ಯಾನಿಗೆ ಹತ್ತಿಸುವ ದಿನ ಹಗ್ಗ ಹಿಡಿದು ಅಳುತ್ತದೆ. "ಹೆಸರಿಟ್ಟದ್ದರಿಂದಲೇ ಹೀಗಾಯಿತು" ಎಂದು ದೊಡ್ಡವರು ಗದರುತ್ತಾರೆ.

ತಪ್ಪು ಹೆಸರಿನದಲ್ಲ. ಮಗುವಿಗೆ ಮೊದಲೇ ಹೇಳದಿದ್ದುದು ತಪ್ಪು. ಇಂಥದು ಮನೆಯಲ್ಲಿ ಉಳಿಯುತ್ತದೆ, ಇಂಥದು ಸಂತೆಗೆ ಹೋಗುತ್ತದೆ ಎಂಬುದನ್ನು ಮರಿ ಹುಟ್ಟಿದ ಕಾಲದಲ್ಲೇ ತಿಳಿಸಿರಿ. ಉಳಿಯುವ ಹೆಣ್ಣು ಮೇಕೆಗಳಿಗೆ ಮನೆತನದ ಹೆಸರಿಡುವ ಅಧಿಕಾರವನ್ನು ಮಕ್ಕಳಿಗೇ ಕೊಡಿ. ಸಂತೆಗೆ ಹೋಗುವುದಕ್ಕೆ "ಯುಗಾದಿ", "ಫೀಸು", "ಸೈಕಲ್ಲು" ಎಂದು ಅದು ಯಾವುದಕ್ಕಾಗಿ ಬೆಳೆಯುತ್ತಿದೆಯೋ ಆ ಹೆಸರಿಡಬಹುದು. ಆಗ ಹೆಸರೇ ನಿಜವನ್ನು ಹೇಳುತ್ತಿರುತ್ತದೆ. ಮಗು ಅತ್ತರೆ ಗದರಬೇಡಿ. ಅದು ಪ್ರಾಣಿಯನ್ನು ಚೆನ್ನಾಗಿ ನೋಡಿಕೊಂಡಿತು ಎಂಬುದಕ್ಕೆ ಆ ಅಳುವೇ ಗುರುತು. ಸಂತೆಗೆ ಹೋಗುವ ಟಗರಿಗೂ ಹೋಗುವ ದಿನದವರೆಗೆ ನೆರಳು, ನೀರು, ಒಳ್ಳೆಯ ಮಾತು ಸಲ್ಲಬೇಕು.

10. ಹೆಸರೂ ಕಿವಿಯೋಲೆಯೂ

ಮನೆಗೆ ಹೆಸರು ಸಾಕು, ಕಚೇರಿಗೆ ಸಾಲದು. ಸರ್ಕಾರದ ಲಸಿಕೆ ಮತ್ತು ಗುರುತಿನ ಕಾರ್ಯಕ್ರಮದಲ್ಲಿ ಹಾಕುವ ಕಿವಿಯೋಲೆಯ ಮೇಲೆ 12 ಅಂಕಿಗಳ ಸಂಖ್ಯೆ ಇರುತ್ತದೆ. ವಿಮೆಗೂ, ಕಳೆದುಹೋದ ಪ್ರಾಣಿ ತನ್ನದೆಂದು ತೋರಿಸುವುದಕ್ಕೂ ಅದು ಆಧಾರ. ಕುರಿ ಮೇಕೆ ಆಕಸ್ಮಿಕವಾಗಿ ಸತ್ತಾಗ ಪರಿಹಾರ ಕೊಡುವ "ಅನುಗ್ರಹ" ಯೋಜನೆ ನಮ್ಮ ರಾಜ್ಯದಲ್ಲಿ ಇದೆ. ಅದರ ನಿಯಮಗಳನ್ನೂ ಬೇಕಾದ ಕಾಗದಗಳನ್ನೂ ಹತ್ತಿರದ ಪಶು ಆಸ್ಪತ್ರೆಯಲ್ಲಿ ಈಗಲೇ ಕೇಳಿ ತಿಳಿದಿರಿ. ಸತ್ತ ಮೇಲೆ ಓಡಾಡುವುದಕ್ಕಿಂತ ಇದು ಮೇಲು.

ಹನ್ನೆರಡು ಅಂಕಿಗಳನ್ನು ಯಾರೂ ನೆನಪಿಡಲಾರರು. ಕಿವಿಯೋಲೆ ಬೇಲಿಗೆ ಸಿಕ್ಕಿ ಹರಿದುಹೋಗುವುದೂ ಉಂಟು. ಆದುದರಿಂದ ಒಂದು ನೋಟುಪುಸ್ತಕದಲ್ಲಿ ಪ್ರತಿ ಪ್ರಾಣಿಗೂ ಒಂದು ಪುಟ ಕೊಟ್ಟು ಇವನ್ನು ಬರೆಯಿರಿ: ಹೆಸರು, ಓಲೆಯ ಸಂಖ್ಯೆ, ತಾಯಿ, ತಂದೆ, ಹುಟ್ಟಿದ ದಿನ, ಮೈಮೇಲಿನ ಗುರುತು, ಲಸಿಕೆ ಹಾಕಿಸಿದ ದಿನ, ಜಂತು ಔಷಧ ಕೊಟ್ಟ ದಿನ, ಹೋತ ಹಾರಿದ ದಿನ, ಹಾಕಿದ ಮರಿಗಳು, ಮಾರಿದ ಬೆಲೆ. ಹೋತ ಹಾರಿದ ದಿನ ಬರೆದಿದ್ದರೆ ಸುಮಾರು 150 ದಿನಕ್ಕೆ ಮರಿ ಹಾಕುವುದೆಂದು ಮುಂಚೆಯೇ ಸಿದ್ಧರಾಗಬಹುದು. ಮೊಬೈಲಿನಲ್ಲಿ ಪ್ರತಿಯೊಂದರ ಮುಖದ್ದೂ ಎರಡು ಪಕ್ಕದ್ದೂ ಚಿತ್ರ ತೆಗೆದಿಡಿ. ಓದು ಬಾರದ ಅಜ್ಜಿ ಹೆಸರು ಹೇಳಲಿ, ಶಾಲೆಗೆ ಹೋಗುವ ಮೊಮ್ಮಗಳು ಬರೆಯಲಿ. ಇಬ್ಬರೂ ಕೂಡಿದರೆ ದಾಖಲೆ ಪೂರ್ಣವಾಗುತ್ತದೆ.

ಈ ವಾರ ಮಾಡಿ ನೋಡಿ

ಒಂದು ಸಂಜೆ ಮನೆಯವರೆಲ್ಲ ಕೊಟ್ಟಿಗೆಯ ಮುಂದೆ ಕುಳಿತು ಪ್ರತಿ ಪ್ರಾಣಿಯನ್ನೂ ನೋಡಿ. ಪ್ರತಿಯೊಂದರಲ್ಲೂ ಬೇರೆಯದರಲ್ಲಿ ಇಲ್ಲದ ಒಂದು ಲಕ್ಷಣವನ್ನು ಹೇಳಿ. ಅದಕ್ಕೆ ತಕ್ಕ ಹೆಸರನ್ನು ಮಕ್ಕಳಿಂದ ಕೇಳಿ. ಅನಂತರ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

1. ನಿಮ್ಮ ಮಂದೆಯಲ್ಲಿ ತಾಯಿ ಯಾವುದೆಂದು ತಿಳಿಯದ ಪ್ರಾಣಿ ಎಷ್ಟಿವೆ?

2. ನಿಮ್ಮ ಹೋತ ಎಲ್ಲಿಂದ ಬಂದುದು? ಎರಡು ವರ್ಷ ಮೀರಿತೆ?

3. ಕಳೆದ ಸಲ ಲಸಿಕೆ ಹಾಕಿಸಿದ್ದು ಯಾವಾಗ, ಯಾವುದಕ್ಕೆ ತಪ್ಪಿತು?

4. ನೀವು ಇಟ್ಟ ಹೆಸರನ್ನು ಬೀದಿಯಲ್ಲಿ ಗಟ್ಟಿಯಾಗಿ ಕೂಗಿದರೆ ಯಾರಾದರೂ ನೊಂದುಕೊಳ್ಳುವರೆ?

ನಾಲ್ಕನೆಯದಕ್ಕೆ "ಇಲ್ಲ" ಎಂದೂ, ಉಳಿದವಕ್ಕೆ ಸರಿಯಾದ ಉತ್ತರವೂ ದೊರೆತರೆ ನಿಮ್ಮ ಹೆಸರುಗಳು ಚೆನ್ನಾಗಿವೆ. ನಾಳೆ ಸಂಜೆ ಮಂದೆ ಮನೆಗೆ ಬಂದಾಗ ಎಣಿಸುವುದರ ಜೊತೆಗೆ ಒಂದೊಂದನ್ನೂ ಕರೆದು ನೋಡಿ. ಒಂದು ಓಗೊಡದಿದ್ದರೆ ಬೆಳಕಿರುವಾಗಲೇ ಹುಡುಕಲು ಹೊರಡಬಹುದು.